ಎಂಟಡಿ ಅಂಗಡಿ, ಹನ್ನೆರಡಡಿ ಬೋರ್ಡು

ಜನವರಿ ೯, ಸೋಮವಾರ

ಇಂದು ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಮನುಕುಲದ ವಾಣಿಜ್ಯ ಚರಿತ್ರೆಯಲ್ಲಿ ಹೊಸ ಯುಗವೊಂದು ಉದಯಿಸಿತೆಂದು ಈ ಮೂಲಕ ಘೋಷಿಸುತ್ತೇನೆ. ನಮ್ಮ ಮನೆಯ ಹಾಲಿನ ಪಾತ್ರೆಯ ಹಿಡಿ ಮುರಿಯಿತು.

ಹಾಲು ಒಲೆಯ ಮೇಲೆ ಹರಿದು, ನೆಲಕ್ಕಿಳಿದು, ಉಳಿದದ್ದು ನನ್ನ ಪಾದದ ಮೇಲೆ ಬಿತ್ತು. ಸಾಮಾನ್ಯ ಮನುಷ್ಯನಾಗಿದ್ದರೆ ‘ಅಯ್ಯಯ್ಯೋ’ ಅಂದು ಸುಮ್ಮನಾಗುತ್ತಿದ್ದ. ನಾನೂ ಅಂದೆ, ಆದರೆ ಸುಮ್ಮನಾಗಲಿಲ್ಲ. ಪಾತ್ರೆ ಕಲ್ಲುಗುಂಡಿನ ಹಾಗಿದೆ, ಹೋಗಿರುವುದು ಹಿಡಿ ಮಾತ್ರ. ಯೋಚಿಸಿ ನೋಡಿದರೆ ಲೋಕದಲ್ಲಿ ಯಾವುದು ಕೆಟ್ಟರೂ ಮೊದಲು ಕೆಡುವುದು ಹಿಡಿಯೇ. ಕುಕ್ಕರು, ಕೊಡೆ, ಸೂಟ್‌ಕೇಸು, ಬಕೆಟ್ಟು, ಚಾಕು. ಹಿಡಿ ಹೋದದ್ದಕ್ಕೆ ಇಡೀ ವಸ್ತುವನ್ನೇ ಮೂಲೆಗೆಸೆಯುತ್ತಾರೆ. ಹಿಡಿಗೆಂದೇ ಒಂದು ಅಂಗಡಿ ಇದ್ದರೆ?

ಹೆಂಡತಿಗೆ ಹೇಳಿದೆ. ಅವಳು ನೆಲ ಒರೆಸುತ್ತಿದ್ದಳು.

“ಇದು ಎಷ್ಟನೇ ಐಡಿಯಾ ರೀ?”

“ನಲವತ್ತೊಂದನೇದು.”

“ಹಿಂದಿನ ನಲವತ್ತು ಎಲ್ಲಿಗೆ ಹೋದ್ವು?”

“ಅವು ಕಾಲಕ್ಕಿಂತ ಮುಂದಿದ್ವು.”

“ನೀವು ಕಾಲಿಗಿಂತ ಮುಂದೆ ಹೋಗ್ಬೇಡಿ, ಹಾಲು ತುಳೀತೀರಿ. ಆ ಬಟ್ಟೆ ಹಿಂಡಿ ಕೊಡಿ.”

ಅವಳು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವ ಕೆಲಸದವಳು. ಒಂದೇ ಚುಚ್ಚಿಗೆ ನರ ಹಿಡಿಯುತ್ತಾಳೆಂದು ಪ್ರಸಿದ್ಧಿ. ಮನೆಯಲ್ಲೂ ಅಭ್ಯಾಸ ತಪ್ಪಿಸುವುದಿಲ್ಲ. ನಾನಾದರೋ, ಕಂಪನಿಯವರು ನಮ್ಮ ವಿಭಾಗವನ್ನೇ ಮುಚ್ಚಿದ ಮೇಲೆ ನಾಲ್ಕು ತಿಂಗಳಿಂದ ಸ್ವತಂತ್ರ ಚಿಂತಕ. ಈ ದಿನಚರಿಯನ್ನು ಇಂದಿನಿಂದ ಶುರು ಮಾಡಿದ್ದೇನೆ. ಇದು ನನಗಾಗಿ ಮಾತ್ರ. ಜೀವನಚರಿತ್ರೆ ಬರೆಯುವವರು ಬಂದು ಕೇಳಿದರೆ ಆಗ ನೋಡೋಣ.

ಜನವರಿ ೧೨, ಗುರುವಾರ

ಐಡಿಯಾಕ್ಕೆ ಜಾಗ ಸಿಕ್ಕಿತು.

ನಮ್ಮ ಜೊತೆಗೇ ಇರುವ ಮಾವನವರು ಮೂವತ್ತೆಂಟು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕಣ್ಣು ಮಂಜಾಯಿತೆಂದು ಎಂಟಡಿ ಅಗಲದ ಆ ಬಾಡಿಗೆ ಮಳಿಗೆಯನ್ನು ಅಕ್ಟೋಬರಿನಲ್ಲಿ ಮುಚ್ಚಿದರು. ಆಮೇಲೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಚಪ್ಪಲಿ ಮೆಟ್ಟಿ ನಮ್ಮ ಮನೆ ಬಾಗಿಲವರೆಗೆ ಹೋಗುತ್ತಾರೆ. ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಚಪ್ಪಲಿ ಬಿಚ್ಚಿ ಒಳಗೆ ಬರುತ್ತಾರೆ.

ಇವತ್ತು ಮಳಿಗೆಯ ಮಾಲೀಕರು ಬಂದಿದ್ದರು. ಮಾತನ್ನು ಮುತ್ತಿನ ಹಾಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರುವ ಮನುಷ್ಯ.

“ಮುಚ್ಚಿದ ಬಾಗಿಲು ಬೀದಿಗೆ ಚೆನ್ನಾಗಿ ಕಾಣಲ್ಲ” ಎಂದರು. “ಏಪ್ರಿಲ್ ಹತ್ತಕ್ಕೆ ಬರ್ತೀನಿ. ಅಂಗಡಿ ನಡೀತಿದ್ರೆ ನಿಮ್ಮದು. ಇಲ್ದಿದ್ರೆ ಪಕ್ಕದವನಿಗೆ.”

ಪಕ್ಕದವನು ಮೊಬೈಲ್ ಕವರ್ ಮಾರುವವನು. ನಡುವಿನ ಗೋಡೆ ಒಡೆದು ಅಂಗಡಿ ದೊಡ್ಡದು ಮಾಡಬೇಕೆಂದು ಎರಡು ವರ್ಷದಿಂದ ಆ ಗೋಡೆಯನ್ನು ಹೆಣ್ಣು ನೋಡುವವರ ಹಾಗೆ ನೋಡುತ್ತಿದ್ದಾನೆ.

ಮಾಲೀಕರು ಹೋದಮೇಲೆ ಮಾವನವರು ಗಂಟಲು ಸರಿಮಾಡಿಕೊಂಡರು. “ಅಳಿಯಂದ್ರೇ, ನೀವೊಂದು ಕೈ ನೋಡ್ತೀರಾ?”

ಮದುವೆಯಾಗಿ ಹದಿನಾರು ವರ್ಷದಲ್ಲಿ ಅವರು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. “ನೋಡ್ತಾ ಇರಿ ಮಾವ!” ಎಂದೆ.

“ಅವರಿಗೆ ನೋಡೋಕಾಗಲ್ಲ ಅಂತಾನೇ ನಿಮ್ಮನ್ನ ಕೇಳಿದ್ದು” ಎಂದಳು ಹೆಂಡತಿ ಒಳಗಿಂದ.

ಜನವರಿ ೨೦, ಶುಕ್ರವಾರ

ಕೆಲಸ ಭರದಿಂದ ಸಾಗಿದೆ. ಅಂಗಡಿಯ ಬಾಗಿಲು ಇನ್ನೂ ತೆಗೆದಿಲ್ಲ.

ಹಳೆಯ ಸಹೋದ್ಯೋಗಿಯೊಬ್ಬನನ್ನು ಸಲಹೆಗಾರನನ್ನಾಗಿ ನೇಮಿಸಿಕೊಂಡೆ. ಆಫೀಸಿನಲ್ಲಿ ಅವನನ್ನು ಎಲ್ಲರೂ ವಿಷನ್ ಎಂದೇ ಕರೆಯುತ್ತಿದ್ದರು. ಅವನ ಕಣ್ಣಿಗೆ ಎದುರಿನ ಫೈಲು ಕಾಣುತ್ತಿರಲಿಲ್ಲ, ಹತ್ತು ವರ್ಷದ ಮುಂದಿನದು ಕಾಣುತ್ತಿತ್ತು. ಅವನ ಮನೆಯ ವರಾಂಡದಲ್ಲಿ ಎಂಟು ದಿನ ಕೂತು ಹದಿನಾಲ್ಕು ಪುಟದ ಪಂಚವಾರ್ಷಿಕ ಯೋಜನೆ ಸಿದ್ಧಪಡಿಸಿದೆವು. ಮೊದಲ ವರ್ಷ ಒಂದು ಅಂಗಡಿ, ಎರಡನೇ ವರ್ಷ ಒಂಬತ್ತು, ಐದನೇ ವರ್ಷ ಸಮುದ್ರದಾಚೆ.

“ಹಿಡಿ ಹಾಕೋದು ಯಾರು?” ಎಂದು ನಾನೊಮ್ಮೆ ಕೇಳಿದೆ.

“ಅದು ಆಪರೇಷನ್ ಲೆವೆಲ್ಲು ಕಣೋ. ನೀನು ಅಲ್ಲಿಗೆ ಇಳೀಬೇಡ” ಎಂದ.

ಹೆಸರು ನಿಶ್ಚಯವಾಯಿತು: ಸಮಗ್ರ ಹಿಡಿಕೆ ಪರಿಹಾರ ಕೇಂದ್ರ. ಬೋರ್ಡ್ ಬರೆಯುವವನ ಬಳಿ ಹೋದೆ. ಅಂಗಡಿ ಎಷ್ಟಡಿ ಅಗಲ ಎಂದು ಕೇಳಿದ. ಯೋಜನೆಯ ಮೂರನೇ ಪುಟ ತೆರೆದು ನೋಡಿ, ಹನ್ನೆರಡು ಎಂದೆ.

ಹೆಂಡತಿ ಪೂರ್ತಿ ಯೋಜನೆ ಓದಿದಳು. “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದ್ದೆ. ನೀವು ಕೂಸಿನ ಮೊಮ್ಮಗಳ ಮದುವೆಗೆ ಚೌಲ್ಟ್ರಿ ಬುಕ್ ಮಾಡಿದ್ದೀರಿ” ಎಂದಳು.

ಸ್ತ್ರೀಯರಿಗೆ ದೂರದೃಷ್ಟಿ ಕಡಿಮೆ.

ಫೆಬ್ರವರಿ ೧, ಬುಧವಾರ

ಬೋರ್ಡು ಬಂತು. ಹನ್ನೆರಡಡಿ. ಕೆಂಪು ಅಕ್ಷರ, ಹಳದಿ ಅಂಚು, ನೋಡಿದವರು ಎರಡು ಹೆಜ್ಜೆ ಹಿಂದೆ ಸರಿಯುವಂಥ ಗಾಂಭೀರ್ಯ.

ಅಂಗಡಿ ಮಾತ್ರ ಎಂಟೇ ಅಡಿ. ಮೂರನೇ ಪುಟದಲ್ಲಿದ್ದದ್ದು ನಮ್ಮ ಎರಡನೇ ವರ್ಷದ ಅಂಗಡಿಯ ಅಳತೆಯೆಂದು ನನಗೆ ಏಣಿಯ ಮೇಲೆ ನಿಂತಾಗ ನೆನಪಾಯಿತು. ಬೋರ್ಡ್ ಬರೆದವನು “ಬರೆದ ಮೇಲೆ ವಾಪಸ್ ಇಲ್ಲ ಸಾರ್” ಎಂದು ಮೊಳೆ ಹೊಡೆದು ಹೋದ. ಕೊನೆಯ ನಾಲ್ಕಡಿ ಪಕ್ಕದ ಮೊಬೈಲ್ ಕವರಿನವನ ತಲೆಯ ಮೇಲೆ ಚಾಚಿಕೊಂಡಿದೆ. ಅವನು ಆ ಹೊತ್ತಿಗೆ ಊಟಕ್ಕೆ ಹೋಗಿದ್ದ. ವಿಷನ್ ಮಾತ್ರ ಬಹಳ ಮೆಚ್ಚಿದ. “ಮಾರುಕಟ್ಟೆ ವಿಸ್ತರಣೆ ಆಗಲೇ ಶುರುವಾಯ್ತು” ಎಂದ.

ಮಾವನವರು ಬೋರ್ಡನ್ನು ಕೈಯಿಂದ ಮುಟ್ಟಲು ನೋಡಿದರು, ಎಟುಕಲಿಲ್ಲ. “ಒಳಗೆ ಕಸ ಗುಡಿಸಿದ್ದೀರಾ?” ಎಂದು ಕೇಳಿದರು. ಇಲ್ಲ ಎಂದೆ.

ಫೆಬ್ರವರಿ ೭, ಮಂಗಳವಾರ

ವಿಷನ್‌ನ ವರಾಂಡದಲ್ಲಿ ಗ್ರಾಹಕರ ಮನೋಧರ್ಮದ ಬಗ್ಗೆ ಗಂಭೀರ ಚರ್ಚೆಯಲ್ಲಿದ್ದಾಗ ಮೊಬೈಲ್ ಕವರಿನವನ ಫೋನು.

“ಸ್ವಾಮೀ, ಎಲ್ಲಿದ್ದೀರಿ?”

“ಗ್ರಾಹಕರ ಬಗ್ಗೆ ಯೋಚಿಸ್ತಾ ಇದ್ದೀನಿ.”

“ಅವರು ಇಲ್ಲಿ ನನ್ನ ಪ್ರಾಣ ತಿಂತಿದ್ದಾರೆ! ನಿಮ್ಮ ಬಾಗಿಲು ಮುಚ್ಚಿದೆ, ಬೋರ್ಡಿನ ಬಾಲ ನನ್ನ ತಲೆ ಮೇಲಿದೆ. ಬೆಳಿಗ್ಗೆಯಿಂದ ಮೂರು ಕುಕ್ಕರು, ಒಂದು ಗರಗಸ. ಒಬ್ಬಮ್ಮ ನನ್ನ ಗಾಜಿನ ಕೌಂಟರ್ ಮೇಲೆ ಮಸಿ ಹಿಡಿದ ಬಾಣಲೆ ಇಟ್ಟು ‘ಬೇಗ ಮಾಡ್ಕೊಡಪ್ಪ’ ಅಂತಾಳೆ. ಬರ್ತೀರೋ, ಬೋರ್ಡು ಕುಯ್ಯಲೋ?”

ಓಡಿದೆ. ಹೀಗೆ, ಯೋಜನೆಯ ಪ್ರಕಾರ ಮಾರ್ಚ್ ಕೊನೆಗೆ ಗಣ್ಯರ ಸಮ್ಮುಖದಲ್ಲಿ ಆಗಬೇಕಿದ್ದ ಉದ್ಘಾಟನೆ ಒಂದು ಬಾಣಲೆಯ ಸಮ್ಮುಖದಲ್ಲಿ ಆಯಿತು. ಒಳಗೆ ಧೂಳು, ಮಾವನವರ ಹಳೇ ಸ್ಟೂಲು, ಡ್ರಾಯರಿನಲ್ಲಿ ಬೆಂಕಿಕಡ್ಡಿಗಿಂತ ಸಣ್ಣ ಸ್ಕ್ರೂಡ್ರೈವರುಗಳು. ಬಂದವರ ವಸ್ತುಗಳನ್ನೆಲ್ಲ ಗೌರವದಿಂದ ಸ್ವೀಕರಿಸಿ, ಎಲ್ಲರಿಗೂ ಒಂದೇ ಮಾತು ಹೇಳಿದೆ: “ನಾಳೆ ಬನ್ನಿ.”

ಈ ವ್ಯಾಪಾರ ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

ಫೆಬ್ರವರಿ ೧೧, ಶನಿವಾರ

ನಾಳೆ ಬನ್ನಿ ಅಂದರೆ ಜನ ನಿಜವಾಗಿಯೂ ಬರುತ್ತಾರೆ. ಇದು ಯೋಜನೆಯಲ್ಲಿ ಇರಲಿಲ್ಲ.

ಬುಧವಾರ ಇಸ್ತ್ರಿಯವನು ಬಂದಿದ್ದ. ಅವನ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯ ಮರದ ಹಿಡಿ ಸೀಳಿತ್ತು. ನಾಳೆ ಎಂದೆ. ಗುರುವಾರ ಬಂದ, ನಾನು ವಿಸಿಟಿಂಗ್ ಕಾರ್ಡಿನ ಬಣ್ಣ ಆರಿಸಲು ಹೋಗಿದ್ದೆ. ಶುಕ್ರವಾರ ಬಂದ, ಖುದ್ದಾಗಿ ನಾಳೆ ಎಂದೆ. ಇವತ್ತು ಬಂದವನು ಬೀದಿಗೆಲ್ಲ ಕೇಳುವ ಹಾಗೆ ಮಾತಾಡಿದ.

“ನಾಲ್ಕು ದಿನದಿಂದ ಬಟ್ಟೆ ಮುಟ್ಟಿಲ್ಲ ನಾನು. ಎರಡು ಮನೆಯೋರು ಗಂಟು ವಾಪಸ್ ತಗೊಂಡ್ರು. ಆಗಲ್ಲ ಅಂದಿದ್ರೆ ಬೇರೆ ಕಡೆ ಹೋಗ್ತಿದ್ನಲ್ಲ! ನಿಮ್ಮ ನಾಳೆಗೋಸ್ಕರ ನನ್ನ ಇವತ್ತು ಹಾಳಾಯ್ತು.”

ಹಿಡಿ ಇಲ್ಲದ ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಹೋದ. ಮೊಬೈಲ್ ಕವರಿನವನು ಬಾಗಿಲಲ್ಲಿ ನಿಂತು ನೋಡಿದ. ನಗಲಿಲ್ಲ, ಗೋಡೆಯನ್ನೊಮ್ಮೆ ಪ್ರೀತಿಯಿಂದ ತಟ್ಟಿದ.

ಮನೆಯಲ್ಲಿ ಈ ಸಂಗತಿಯನ್ನು ಗ್ರಾಹಕ ಶಿಕ್ಷಣದ ಕೊರತೆ ಎಂದು ವಿವರಿಸಿದೆ. ಮಾವನವರು ತಟ್ಟೆ ಸರಿಸಿ ಹೇಳಿದರು: “ನಾಳೆ ಅನ್ನೋದು ಹೊತ್ತಲ್ಲ, ಅಳಿಯಂದ್ರೇ. ಗಡಿಯಾರದಲ್ಲಿ ಅಂಥದ್ದೊಂದು ಗೆರೆ ಇಲ್ಲ. ನಾನು ಗಂಟೆ ಹೇಳ್ತಿದ್ದೆ. ಹೇಳಿದ ಮೇಲೆ ಆ ಗಂಟೆಗೆ ನಾನು ಸಾಲಗಾರ.”

ಸುಂದರವಾದ ಮಾತು. ಬ್ರೋಶರಿನಲ್ಲಿ ಹಾಕಬಹುದು.

ಫೆಬ್ರವರಿ ೧೩, ಸೋಮವಾರ

ಹೆಂಡತಿ ಲ್ಯಾಬಿನಿಂದ ಒಂದು ಸುರುಳಿ ಹಳೇ ಸ್ಟಿಕರ್ ತಂದಳು. “ನಮ್ಮಲ್ಲಿ ಬಾಟಲಿಗೆ ಚೀಟಿ ಅಂಟಿಸದೆ ಯಾರ ಕೈಯನ್ನೂ ಬಿಡಲ್ಲ. ಯಾರದು, ಏನು, ಎಷ್ಟು ಗಂಟೆಗೆ ಕೊಡ್ತೀವಿ. ಮೂರೇ ಸಾಲು. ಬರೀರಿ” ಎಂದಳು.

ಮಾವನವರು ಒಂಬತ್ತಕ್ಕೆ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದರು. ಇವತ್ತು ಬಿಚ್ಚಲಿಲ್ಲ, ನನ್ನ ಜೊತೆ ನಡೆದು ಬಂದು ಸ್ಟೂಲಿನ ಮೇಲೆ ಕೂತರು. ಬಾಣಲೆಯನ್ನು ಕೈಗಿತ್ತೆ. ಕಣ್ಣು ಮುಚ್ಚಿ ಹಿಡಿಯ ಬುಡವನ್ನು ಹೆಬ್ಬೆರಳಿನಿಂದ ತಡವಿದರು. “ಸ್ಕ್ರೂ ಕೆಟ್ಟಿಲ್ಲ. ತೂತು ಸವೆದಿದೆ. ಒಂದು ವಾಷರ್ ಕೊಡಿ.”

ನಾಲ್ಕು ಗಂಟೆ ಎಂದು ಬರೆದಿದ್ದೆ. ಐದೂವರೆಗೆ ಮುಗಿಯಿತು. ಆಯಮ್ಮ ಒಂದೂವರೆ ಗಂಟೆ ನನ್ನ ಎದುರಿಗೇ ನಿಂತಿದ್ದಳು. ಒಂದು ಹೆಣ್ಣು ಒಂದೂವರೆ ಗಂಟೆ ಸುಮ್ಮನೆ ನಿಂತು ನೋಡಿದರೆ ಏನಾಗುತ್ತದೆಂದು ಹದಿನಾಲ್ಕು ಪುಟದಲ್ಲಿ ಎಲ್ಲೂ ಬರೆದಿಲ್ಲ.

ಫೆಬ್ರವರಿ ೨೦, ಸೋಮವಾರ

ಮೊಬೈಲ್ ಕವರಿನವನು ಗರಗಸ ತಂದು ಬೋರ್ಡಿನ ಬಾಲ ಕತ್ತರಿಸಿದ. ತಕರಾರು ಮಾಡೋಣವೆಂದಿದ್ದೆ, ಆದರೆ ಹನ್ನೊಂದು ಗಂಟೆಗೆ ಒಂದು ಸೂಟ್‌ಕೇಸು ಕೊಡಬೇಕಿತ್ತು. ಗರಗಸದ ಹಿಡಿಯೂ ಅಲ್ಲಾಡುತ್ತಿತ್ತು. ಅದನ್ನು ಬಿಗಿ ಮಾಡಿಕೊಟ್ಟು ಏಣಿ ಹಿಡಿದು ನಿಂತೆ. ಈಗ ಬೋರ್ಡು ‘ಸಮಗ್ರ ಹಿಡಿಕೆ ಪರಿಹಾ’ ಎಂದಿದೆ. ಜನ ಹೇಗೂ ಹಿಡಿ ಅಂಗಡಿ ಎನ್ನುತ್ತಾರೆ. ಕತ್ತರಿಸಿದ ನಾಲ್ಕಡಿ ಹಲಗೆಗೆ ಕಾಲು ಹೊಡೆದು ಕೆಲಸದ ಮೇಜು ಮಾಡಿದೆ.

ವಿಷನ್ ಫೋನು ಮಾಡಿದ್ದ. ಬ್ರ್ಯಾಂಡಿನ ಮೇಲೆ ಹಲ್ಲೆ ನಡೆದಿದೆ, ಕೂಡಲೇ ಸಭೆ ಸೇರಬೇಕು ಎಂದ. ಗುರುವಾರ ಎಂದೆ.

ಮಾರ್ಚ್ ೨, ಗುರುವಾರ

ಕುಕ್ಕರು ಮೂರು. ಕೊಡೆ ಎರಡು. ಕತ್ತಿ ಒಂದು, ತೋಟದ ಕೆಲಸದವನದು. ಸೂಟ್‌ಕೇಸಿನದು ತಪ್ಪು ಹಿಡಿ, ಮತ್ತೆ ಹಾಕಬೇಕು. ಬರೆಯಲು ಹೊತ್ತಿಲ್ಲ. ಚರಿತ್ರೆ ಕ್ಷಮಿಸಲಿ.

ಮಾರ್ಚ್ ೩, ಶುಕ್ರವಾರ

ಸಭೆ ಮರೆತೇಹೋಗಿದೆ. ಯಾವ ಗುರುವಾರ ಎಂದು ಹೇಳಿದ್ದೆನೋ!

ಮಾರ್ಚ್ ೯, ಗುರುವಾರ

ವಿಷನ್ ತಾನೇ ಅಂಗಡಿಗೆ ಬಂದ. ನಾನು ಒಂದು ಪಾತ್ರೆಯ ಹಿಡಿಗೆ ಅಂಟು ಹಾಕಿದ್ದೆ. ಇಪ್ಪತ್ತು ನಿಮಿಷ ಅಲ್ಲಾಡದಂತೆ ಒತ್ತಿ ಹಿಡಿಯಬೇಕಿತ್ತು. ಇನ್ನೊಬ್ಬರಿಗೆ ಹತ್ತೂವರೆಗೆ ಕೊಡೆ ಕೊಡುವುದಿತ್ತು. ಪಾತ್ರೆಯನ್ನು ಅವನ ಕೈಗೆ ಕೊಟ್ಟೆ.

“ನಾವು ಒಂಬತ್ತು ಅಂಗಡಿಯ ಮಾತಾಡಬೇಕು” ಎಂದ.

“ಮಾತಾಡು. ಕೈ ಅಲ್ಲಾಡಿಸಬೇಡ.”

ಕೈ ಅಲ್ಲಾಡಿಸದೆ ಅವನಿಗೆ ಮಾತು ಬರುವುದಿಲ್ಲವೆಂದು ಇವತ್ತು ತಿಳಿಯಿತು. ಇಪ್ಪತ್ತು ನಿಮಿಷ ಮೌನವಾಗಿದ್ದ. ಆ ಪಾತ್ರೆಯ ಕೆಲಸ ಬಹಳ ಚೆನ್ನಾಗಿ ಆಯಿತು. “ನೀನು ಕುಗ್ಗಿಬಿಟ್ಟಿದ್ದೀಯ ಕಣೋ” ಎಂದು ಮರುಗಿ ಹೊರಟ. ನಿಜವಿರಬಹುದು, ನಲವತ್ತೆರಡನೇ ಐಡಿಯಾ ಇನ್ನೂ ಬಂದಿಲ್ಲ. ಬುದ್ಧಿ ತುಕ್ಕು ಹಿಡಿಯುತ್ತಿದೆಯೇನೋ ಎಂದು ಭಯವಾಗುತ್ತದೆ.

ಸ್ಟಿಕರ್ ಮುಗಿದವು. ಯೋಜನೆಯ ಪುಟಗಳ ಹಿಂಬದಿ ಖಾಲಿ ಇತ್ತು. ಐದನೇ ವರ್ಷದಿಂದ ಕತ್ತರಿಸಲು ಶುರು ಮಾಡಿದ್ದೇನೆ.

ಮಾರ್ಚ್ ೧೭, ಶುಕ್ರವಾರ

ಇಸ್ತ್ರಿಯವನು ಬಂದ. ಹೊಸ ಪೆಟ್ಟಿಗೆ ಕೊಂಡಿದ್ದನಂತೆ, ಅದರ ಹಿಡಿ ಬಿಸಿಗೆ ಸಡಿಲವಾಗಿದೆ. ಬೇರೆ ಯಾರೂ ಇದನ್ನು ಮಾಡುವುದಿಲ್ಲ, ಅದಕ್ಕೇ ಬಂದೆ ಎಂದು ಮೊದಲೇ ಸ್ಪಷ್ಟಪಡಿಸಿದ.

“ಯಾವಾಗ? ನಾಳೆ ಅಂದ್ರೆ ಈಗಲೇ ಹೊರಟೆ.”

“ನಾಲ್ಕು ಗಂಟೆ.”

“ಯಾವ ದಿನದ ನಾಲ್ಕು?”

ಮಾವನವರು ಸ್ಟೂಲಿನಿಂದಲೇ ನಕ್ಕರು. ನಾನು ಚೀಟಿ ಬರೆದೆ. ಅವನು ಮನೆಗೆ ಹೋಗಲಿಲ್ಲ. ಎದುರಿನ ಚಹಾ ಅಂಗಡಿಯ ಬೆಂಚಿನಲ್ಲಿ, ಕಳ್ಳನನ್ನು ಕಾಯುವವನ ಹಾಗೆ ನನ್ನನ್ನೇ ನೋಡುತ್ತ ಕೂತ. ಮೊದಲು ಮಾಡಿದ ಹಿಡಿ ಬೆಣೆ ಹೊಡೆಯುವಾಗ ಸೀಳಿತು. ಇನ್ನೊಂದು ಕೆತ್ತಿದೆ. ಊಟ ಹಾಗೇ ಉಳಿಯಿತು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬೀದಿ ದಾಟಿ ಅವನ ಕೈಗೇ ಕೊಟ್ಟೆ.

ತಿರುಗಿಸಿ ನೋಡಿದ, ಅಲ್ಲಾಡಿಸಿದ, ನನ್ನ ಮುಖ ನೋಡಿದ. “ಹೂಂ” ಎಂದ.

ಎರಡು ವಾಕ್ಯ ಹೆಚ್ಚಿಗೆ ಹೇಳಿದ್ದರೆ ಪ್ರಶಂಸಾಪತ್ರ ಎಂದು ಬರೆಸಿಕೊಳ್ಳಬಹುದಿತ್ತು. ಜನರಿಗೆ ಮಾತಿನ ಬೆಲೆ ಗೊತ್ತಿಲ್ಲ.

ಮಾರ್ಚ್ ೨೯, ಬುಧವಾರ

ಇಸ್ತ್ರಿಯವನು ಕಳಿಸಿದನೆಂದು ನಾಲ್ಕು ಜನ ಬಂದರು. ಮಾವನವರಿಗೆ ನೆಗಡಿ, ಬಂದಿರಲಿಲ್ಲ. ಕುಕ್ಕರಿನ ಬುಡವನ್ನು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತಡವಿದೆ. ಸವೆದ ತೂತು. ಕಣ್ಣು ತೆರೆದು ನೋಡಿದೆ, ಹೌದು. ಯಾರೂ ನೋಡಲಿಲ್ಲ, ಒಳ್ಳೆಯದೇ ಆಯಿತು. ದೊಡ್ಡ ಉದ್ದಿಮೆದಾರ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ಏನಂದುಕೊಂಡಾರು.

ಏಪ್ರಿಲ್ ೯, ಭಾನುವಾರ

ನಾಳೆ ಮಾಲೀಕರು ಬರುತ್ತಾರೆ. ಅವರಿಗೆ ಓದಿ ಹೇಳಬೇಕೆಂದು ಯೋಜನೆ ಹುಡುಕಿದೆ. ಉಳಿದಿರುವುದು ಮುಖಪುಟ ಮತ್ತು ಅರ್ಧ ಪುಟ. ಒಂಬತ್ತು ಅಂಗಡಿಗಳು ಒಂಬತ್ತು ಕುಕ್ಕರುಗಳಿಗೆ ಅಂಟಿಕೊಂಡು ಊರೆಲ್ಲ ಹರಡಿಹೋಗಿವೆ.

“ಈಗೇನು ಮಾಡ್ಲಿ? ಅವರಿಗೆ ಏನು ತೋರಿಸ್ಲಿ?” ಎಂದು ಹೆಂಡತಿಯನ್ನು ಕೇಳಿದೆ.

“ನಾಳೆ ಮೊದಲನೇ ಚೀಟಿ ಎಷ್ಟು ಗಂಟೆಗೆ?”

“ಒಂಬತ್ತೂಮುಕ್ಕಾಲು. ಸೂಟ್‌ಕೇಸು. ತಂದವರಿಗೆ ಹತ್ತೂವರೆಗೆ ರೈಲು.”

“ಹಾಗಾದ್ರೆ ಬೇಗ ಮಲಗಿ” ಎಂದಳು. ನನ್ನ ಸಂಕಟ ಯಾರಿಗೂ ಅರ್ಥವಾಗುವುದಿಲ್ಲ. ಮಾವನವರಿಗೆ ಮಾತ್ರ ಅರ್ಥವಾಗಿದೆ; ಎರಡು ತುತ್ತು ಉಂಡು ಎದ್ದರು.

ಏಪ್ರಿಲ್ ೧೦, ಸೋಮವಾರ

ಇಂದು ನನ್ನ ಉದ್ಯಮ ಜೀವನದ ಅತ್ಯಂತ ನಾಚಿಕೆಗೇಡಿನ ದಿನ.

ಮಾಲೀಕರು ಒಂಬತ್ತೂಕಾಲಿಗೇ ಬಂದು ಬಾಗಿಲಲ್ಲಿ ನಿಂತರು. ಸೂಟ್‌ಕೇಸು ನನ್ನ ಮೊಣಕಾಲುಗಳ ನಡುವೆ ಇತ್ತು, ಸ್ಕ್ರೂ ಬಾಯಲ್ಲಿತ್ತು. ಎದ್ದು ನಿಂತು ಸ್ವಾಗತ ಭಾಷಣ ಮಾಡಬೇಕಿದ್ದವನು ಹೇಳಿದ್ದೇನು? “ಕೂತ್ಕೊಳ್ಳಿ, ಒಂಬತ್ತೂಮುಕ್ಕಾಲಿಗೆ ಕೊಡ್ತೀನಿ ಅಂದಿದ್ದೀನಿ.” ಮಳಿಗೆಯ ಮಾಲೀಕರಿಗೆ! ಕೂರಲು ಜಾಗವೂ ಇರಲಿಲ್ಲ. ಕುಕ್ಕರಿನವರು ಇಬ್ಬರು ಬೆಂಚಿನಲ್ಲಿದ್ದರು. ಮಾಲೀಕರು ನಿಂತೇ ಇದ್ದರು.

ಒಂಬತ್ತೂಮುಕ್ಕಾಲಿಗೆ ಸೂಟ್‌ಕೇಸು ಹೋಯಿತು. ಆಗಲೂ ನನಗೆ ಭಾಷಣ ನೆನಪಾಗಲಿಲ್ಲ, ಮುಂದಿನ ಚೀಟಿ ಓದಿದೆ. ಮಾಲೀಕರು ಗೋಡೆಗೆ ತೂಗುಹಾಕಿದ್ದ ಸಾಮಾನುಗಳ ಚೀಟಿಗಳನ್ನೆಲ್ಲ ಒಂದೊಂದಾಗಿ ನೋಡಿದರು. ಮಾವನವರು ಸ್ಟೂಲಿನ ಮೇಲೆ ಎರಡೂ ಕೈಯಲ್ಲಿ ಒಂದು ಬಾಣಲೆ ಹಿಡಿದು ಕೂತಿದ್ದರು.

ಮೊಬೈಲ್ ಕವರಿನವನು ಬಂದು ನಯವಾಗಿ ಕೆಮ್ಮಿದ. “ಸಾರ್, ನಮ್ಮ ಗೋಡೆ ವಿಚಾರ...”

“ಗೋಡೆ ಇರಲಿ” ಎಂದರು ಮಾಲೀಕರು. ನನ್ನ ಕಡೆ ತಿರುಗಿ, “ಬಾಡಿಗೆ ಕರಾರು ಕಳಿಸ್ತೀನಿ. ನಿಮ್ಮ ಹೆಸರಿಗೆ” ಎಂದು ಹೊರಟೇಬಿಟ್ಟರು.

ಮಾವನವರು ಆ ಬಾಣಲೆಯನ್ನು ಬಹಳ ಹೊತ್ತು ಒರೆಸಿದರು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು. ಆಮೇಲೆ, “ಅಳಿಯಂದ್ರೇ, ಹತ್ತೂಕಾಲಿನದು ಯಾವುದು?” ಎಂದರು. ಧ್ವನಿ ಸ್ವಲ್ಪ ಒಡೆದಿತ್ತು. ನೆಗಡಿ ಇನ್ನೂ ಹೋಗಿಲ್ಲ.

ಅಂಗಡಿ ಉಳಿಯಿತು, ಸರಿ. ಆದರೆ ಮೂರು ತಿಂಗಳು ಸಿದ್ಧಪಡಿಸಿದ ದೂರದೃಷ್ಟಿಯ ಒಂದು ಶಬ್ದವನ್ನೂ ನಾನು ಆಡಲಿಲ್ಲ. ಹೀಗೆ ಅವಕಾಶ ಕಳೆದುಕೊಂಡವನು ಮುಂದೆ ಏನಾದಾನು! ಹೆಂಡತಿಗೆ ಹೇಳಿದೆ. ಅವಳು ನನ್ನ ಬೆರಳಿನ ಗಾಯಕ್ಕೆ ಪಟ್ಟಿ ಸುತ್ತುತ್ತಿದ್ದಳು. “ಏನೂ ಆಗಲ್ಲ ಬಿಡಿ” ಎಂದು ನಕ್ಕಳು. ಯಾಕೆ ನಕ್ಕಳೋ. ಕೇಳಲು ನಿದ್ದೆ ಬಿಡಲಿಲ್ಲ.

ಏಪ್ರಿಲ್ ೧೧, ಮಂಗಳವಾರ

ಒಬ್ಬ ಮೇಷ್ಟ್ರು ಕೆಟಲ್ ತಂದಿದ್ದರು. ಹಿಡಿಯ ಸ್ಕ್ರೂ ಎಲ್ಲಿ ಎಂದೆ. “ಹಿಡಿಯೇ ಮುರಿದ ಮೇಲೆ ಅದ್ಯಾಕೆ ಅಂತ ಎಸೆದೆ” ಎಂದರು. ಅದರ ಜೋಡಿ ಹುಡುಕಿಕೊಂಡು ಐದು ಅಂಗಡಿ ಅಲೆದೆ. ಆ ಅಳತೆಯದು ಯಾವನೂ ಈಗ ಮಾಡುವುದಿಲ್ಲವಂತೆ. ಎರಡು ಗಂಟೆಗೆ ಎಂದು ಬರೆದುಕೊಟ್ಟಿದ್ದೆ. ಆಗುವುದಿಲ್ಲವೆಂದು ಗೊತ್ತಾದ ಕೂಡಲೇ ಅವರ ಶಾಲೆಯವರೆಗೆ ನಡೆದುಹೋಗಿ, ನಾಳಿದ್ದು ಹನ್ನೊಂದು ಗಂಟೆ ಎಂದು ಚೀಟಿ ತಿದ್ದಿ ಬಂದೆ. ಇನ್ನು ನಾಳಿದ್ದು ಹನ್ನೊಂದರೊಳಗೆ ಆ ಸ್ಕ್ರೂವನ್ನು ನಾನೇ ಲೇತ್ ಯಂತ್ರದವರ ಹತ್ತಿರ ಕಡೆಸಬೇಕು.

ಈ ದಿನಚರಿ ನನಗಾಗಿ ಮಾತ್ರ ಎಂದು ಮೊದಲೇ ಬರೆದಿದ್ದೇನೆ. ಆದರೂ ಅಕಸ್ಮಾತ್ ಯಾರಾದರೂ ಓದುತ್ತಿದ್ದರೆ ಒಂದು ಉಪಕಾರ ಮಾಡಿ. ಹಿಡಿ ಮುರಿದಾಗ ಸ್ಕ್ರೂ ಎಸೆಯಬೇಡಿ. ಪಾತ್ರೆಯ ಒಳಗೇ ಹಾಕಿ ತನ್ನಿ. ವಾಷರ್ ಇದ್ದರೆ ಅದನ್ನೂ.